ಮಾರ್ಕೆಟಿಂಗ್ ಕಲಿಯೋಕೆ ಯಾರ ನ್ಯೂಸ್‌ಲೆಟರ್ ತರಿಸಿಕೊಳ್ಳಬೇಕು? ಮುಂಬೈ ಕನ್ನಡಿಗರಿಗೊಂದು ಹೋಲಿಕೆ

ಡೊಂಬಿವಲಿಯಲ್ಲಿ ಮನೆಯಿಂದಲೇ ಹಪ್ಪಳ, ಸಂಡಿಗೆ ಮಾರುವ ಅಕ್ಕಂದಿರು. ಮಾಟುಂಗಾದ ಕೇಟರಿಂಗ್ ಭಟ್ಟರು. ಅಂಧೇರಿಯ ಏಜೆನ್ಸಿಗೆ ಈಗಷ್ಟೇ ಸೇರಿದ ಹುಡುಗ ಹುಡುಗಿಯರು. ಇವರೆಲ್ಲ ನನ್ನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ: ಆನ್‌ಲೈನ್‌ನಲ್ಲಿ ಮಾರುವುದನ್ನು ಕಲಿಯಬೇಕು, ಕೋರ್ಸಿಗೆ ಹತ್ತಿಪ್ಪತ್ತು ಸಾವಿರ ಸುರಿಯುವ ಮನಸ್ಸಿಲ್ಲ, ಏನು ದಾರಿ?

ಪುಕ್ಕಟೆ ದಾರಿ ಇದೆ. ಮಾರ್ಕೆಟಿಂಗ್‌ನಲ್ಲಿ ಪಳಗಿದವರ ಇಮೇಲ್ ನ್ಯೂಸ್‌ಲೆಟರ್‌ಗೆ ಹೆಸರು ಕೊಟ್ಟರೆ ಸಾಕು, ಪಾಠ ತಾನಾಗಿ ಮನೆಗೆ ಬರುತ್ತದೆ. ತೊಂದರೆ ಬೇರೆ ಕಡೆ ಇದೆ. ಉತ್ಸಾಹದಲ್ಲಿ ಹತ್ತು ಕಡೆ ಹೆಸರು ಕೊಡುತ್ತೇವೆ, ಹತ್ತೂ ಓದದೆ ಬಿದ್ದಿರುತ್ತವೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಬಾಗಿಲ ಹತ್ತಿರ ಒತ್ತಿಸಿಕೊಂಡು ನಿಂತವರಿಗೆ ಉದ್ದುದ್ದ ಮೇಲ್ ಓದೋಕೆ ಆಗುತ್ತದಾ? ಆದ್ದರಿಂದ ಆರಿಸಿಕೊಳ್ಳಲೇಬೇಕು.

ಆರಿಸುವ ಮೊದಲು ಒಂದು ಮಾತು. ಮೇಲ್‌ನಲ್ಲಿ ಬರೆದಿರುವ ಸಲಹೆ ಅರ್ಧ ಪಾಠ ಅಷ್ಟೇ. ಇನ್ನರ್ಧ ಪಾಠ ಆ ಮೇಲ್ ನಿಮ್ಮನ್ನು ಏನು ಮಾಡಿಸಲು ನೋಡುತ್ತಿದೆ ಎಂಬುದರಲ್ಲಿದೆ. ಯಾವ ವಾರ, ಎಷ್ಟು ಹೊತ್ತಿಗೆ ಕಳಿಸಿದರು? ಸಬ್ಜೆಕ್ಟ್ ಲೈನ್‌ನಲ್ಲಿ ಏನು ಬರೆದು ನಿಮ್ಮ ಬೆರಳನ್ನು ಎಳೆದರು? ಎಷ್ಟನೇ ಮೇಲ್‌ನಲ್ಲಿ ಬೆಲೆ ಬಾಯಿಬಿಟ್ಟರು? ನನ್ನ ಲೆಕ್ಕದಲ್ಲಿ ಈ ಎರಡನೇ ಅರ್ಧವೇ ಜಾಸ್ತಿ ಬೆಲೆಯದ್ದು. ಕೆಳಗಿನ ಹೋಲಿಕೆಯನ್ನೂ ಆ ಕಣ್ಣಿನಿಂದಲೇ ಮಾಡಿದ್ದೇನೆ. ಜೊತೆಗೆ ಬರೆಯುವವರ ಹೊಟ್ಟೆ ತುಂಬುವುದು ಯಾವುದರಿಂದ ಅಂತಲೂ ನೋಡಿದ್ದೇನೆ. ಅದು ಗೊತ್ತಾದರೆ ಯಾವ ಸಲಹೆಯನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ.

ದಿನಕ್ಕೊಂದು ಬರುವವು, ನಿಧಾನಕ್ಕೆ ಬರುವವು

ದಿನಕ್ಕೊಂದು ಬರೆಯುವವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಅಮೆರಿಕದ ಸೇತ್ ಗೋಡಿನ್. ಗಿರಾಕಿಯನ್ನು ಕೇಳದೆ ಅವನ ಮುಂದೆ ಜಾಹೀರಾತು ಸುರಿಯಬೇಡಿ, ಮೊದಲು ಅವನ ಅನುಮತಿ ಪಡೆಯಿರಿ ಅಂತ 1999ರಲ್ಲೇ ಪುಸ್ತಕ ಬರೆದವರು. ಇವತ್ತಿನ ನ್ಯೂಸ್‌ಲೆಟರ್ ವ್ಯಾಪಾರವೆಲ್ಲ ನಿಂತಿರುವುದು ಆ ಮಾತಿನ ಮೇಲೆಯೇ. ಅವರ ಮೇಲ್ ಚಿಕ್ಕದು. ಕೆಲವು ದಿನ ನಾಲ್ಕೈದು ಸಾಲಷ್ಟೇ ಇರುತ್ತದೆ. ದಾದರ್ ದಾಟುವ ಮೊದಲೇ ಓದಿ ಮುಗಿಸಬಹುದು. ಆದರೆ ಅದರಲ್ಲಿ ‘ಹೀಗೆ ಮಾಡಿ’ ಅನ್ನುವುದು ಕಮ್ಮಿ, ‘ಹೀಗೂ ಯೋಚಿಸಿ’ ಅನ್ನುವುದು ಜಾಸ್ತಿ. ವ್ಯಾಪಾರ ಶುರು ಮಾಡಿ ಎರಡು ಮೂರು ವರ್ಷ ಆದವರಿಗೆ ರುಚಿಸುತ್ತದೆ. ನಾಳೆ ಬೆಳಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಏನು ಹಾಕಲಿ ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೆ ಅದರಿಂದ ಏನೂ ಸಿಗದು.

ನಿಧಾನಕ್ಕೆ ಬರುವವರಲ್ಲಿ ಮಾರ್ಕೆಟಿಂಗ್ ಬರವಣಿಗೆ ಹೇಳಿಕೊಡುವ ಅಮೆರಿಕದ ಆ್ಯನ್ ಹ್ಯಾಂಡ್ಲಿ ಇದ್ದಾರೆ. ಅವರದು ಭಾನುವಾರದ ಮೇಲ್, ಹದಿನೈದು ದಿನಕ್ಕೊಮ್ಮೆ. ಉದ್ದ ಇರುತ್ತದೆ, ಹರಟೆ ಇರುತ್ತದೆ, ಪರಿಚಯದವರು ಬರೆದ ಕಾಗದದ ಥರ ಇರುತ್ತದೆ. ಅದರಿಂದ ಕಲಿಯಬೇಕಾದ್ದು ಧ್ವನಿ. ಸಾವಿರಾರು ಜನಕ್ಕೆ ಹೋಗುವ ಮೇಲ್ ನಿಮಗೊಬ್ಬರಿಗೇ ಬಂದಂತೆ ಹೇಗೆ ಕೇಳಿಸುತ್ತದೆ ಅಂತ ಗಮನಿಸಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಓದುವಂಥದ್ದು.

ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಇವೆರಡೂ ಅಲ್ಲ. ಬ್ರಿಟನ್ನಿನ ಹ್ಯಾರಿ ಡ್ರೈ ನಡೆಸುವ ಮಾರ್ಕೆಟಿಂಗ್ ಎಕ್ಸಾಂಪಲ್ಸ್. ಹೆಸರೇ ಹೇಳುವಂತೆ ಅಲ್ಲಿರುವುದು ಉದಾಹರಣೆ. ಒಂದು ಸಪ್ಪೆ ವಾಕ್ಯ, ಪಕ್ಕದಲ್ಲೇ ಅದನ್ನು ತಿದ್ದಿದ ವಾಕ್ಯ. ಉಪದೇಶ ಬಹಳ ಕಮ್ಮಿ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ನೋಡಿದ ಕೂಡಲೇ ಹೊಳೆಯುತ್ತದೆ. ಇಂಥ ಪಾಠ ನಮ್ಮ ವ್ಯಾಪಾರಕ್ಕೆ ಹೇಗೆ ಇಳಿಯುತ್ತದೆ ಅಂತ ಒಂದನ್ನು ಬಿಡಿಸಿ ತೋರಿಸುತ್ತೇನೆ.

ನಮ್ಮ ಸೊಸೈಟಿಯ ಅಕ್ಕ ಒಬ್ಬರು ಪ್ರತಿ ಬೇಸಿಗೆಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಹಾಕುತ್ತಿದ್ದರು: ‘ನಮ್ಮಲ್ಲಿ ಉತ್ತಮ ಗುಣಮಟ್ಟದ, ಶುಚಿರುಚಿಯಾದ ಮನೆಯಲ್ಲೇ ತಯಾರಿಸಿದ ಹಲಸಿನ ಹಪ್ಪಳ ದೊರೆಯುತ್ತದೆ. ಆಸಕ್ತರು ಸಂಪರ್ಕಿಸಿ.’ ಮುಂಬೈಯಲ್ಲಿ ಹಪ್ಪಳ ಮಾರುವ ಯಾರ ಹೆಸರನ್ನು ಬೇಕಾದರೂ ಇದರ ಕೆಳಗೆ ಹಾಕಬಹುದು ಅಲ್ವಾ? ತಿದ್ದಿದ ಮೇಲೆ ಹೀಗಾಯಿತು: ‘ಹಲಸಿನ ಹಪ್ಪಳ ಬಂತು. ಕಾರ್ಕಳದ ನಮ್ಮ ತೋಟದ ಕಾಯಿ, ಅತ್ತಿಗೆ ತಟ್ಟಿದ್ದು, ಅಂಗಳದಲ್ಲೇ ಒಣಗಿದ್ದು. 50ರ ಕಟ್ಟು. ಮಳೆ ಬಿದ್ದ ಮೇಲೆ ಈ ವರ್ಷ ಮತ್ತೆ ಇಲ್ಲ. ಎಷ್ಟು ಕಟ್ಟು ಬೇಕು ಅಂತ ನಂಬರ್ ಮಾತ್ರ ಕಳಿಸಿ.’ ಗುಣಮಟ್ಟ ಅನ್ನುವ ಪದವೇ ಹೋಯಿತು, ಗುಣಮಟ್ಟ ಮಾತ್ರ ಕಣ್ಣಿಗೆ ಕಟ್ಟುವಂತೆ ಬಂತು. ಮಳೆಯ ಮಾತು ನಿಜವಾದ ಅವಸರ, ಕಟ್ಟಿದ್ದಲ್ಲ. ಇನ್ನು ಕೊನೆಯ ಸಾಲು. ‘ಸಂಪರ್ಕಿಸಿ’ ಅಂದರೆ ಜನ ನಾಳೆ ನೋಡೋಣ ಅನ್ನುತ್ತಾರೆ. ‘3’ ಅಂತ ಒತ್ತುವುದು ಲೋಕಲ್‌ನಲ್ಲಿ ನಿಂತೂ ಆಗುವ ಕೆಲಸ.

ಗುರುಗಳ ಮೇಲ್: ಸಲಹೆ ಬಿಡಿ, ಸಾಲು ನೋಡಿ

ಇನ್ನು ನಮ್ಮಲ್ಲಿ ಎಲ್ಲರಿಗೂ ಸಿಗುವ ಜಾತಿ ಇದು. ರೀಲ್ ನೋಡುತ್ತಾ ಇರುತ್ತೀರಿ, ಮಧ್ಯೆ ಒಬ್ಬರು ಬಂದು ‘ಮನೆಯಲ್ಲಿ ಕೂತು ತಿಂಗಳಿಗೆ ಲಕ್ಷ’ ಅನ್ನುತ್ತಾರೆ, ಇಮೇಲ್ ಕೊಟ್ಟರೆ ಪುಕ್ಕಟೆ ಪಿಡಿಎಫ್ ಕೊಡುತ್ತಾರೆ. ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಕೊಡಿ. ಆದರೆ ಅದಕ್ಕೇ ಅಂತ ಇಟ್ಟುಕೊಂಡ ಬೇರೆ ಇಮೇಲ್ ಕೊಡಿ, ಫೋನ್ ನಂಬರ್ ಕೊಡಬೇಡಿ, ಕಾರ್ಡ್ ತೆಗೆಯಬೇಡಿ.

ಆಮೇಲೆ ಬರುವ ಮೇಲ್‌ಗಳ ಸಾಲನ್ನು ನೋಡಿ. ಹೆಸರುಗಳು ಬದಲಾಗುತ್ತವೆ, ಸಾಲು ಬದಲಾಗುವುದಿಲ್ಲ. ಮೊದಲನೆಯದು ಪಿಡಿಎಫ್, ಕೇಳಿದ ನಿಮಿಷಕ್ಕೇ ಬರುತ್ತದೆ. ಮಾರನೇ ದಿನ ಕಷ್ಟದ ಕಥೆ: ಬಾಡಿಗೆ ಕಟ್ಟೋಕೂ ದುಡ್ಡಿರಲಿಲ್ಲ, ಅಪ್ಪ ಬೈದರು, ಆಗ ಒಂದು ಗುಟ್ಟು ಸಿಕ್ಕಿತು. ಗುಟ್ಟು ಏನು ಅಂತ ಹೇಳುವುದಿಲ್ಲ. ಅದಾದ ಮೇಲೆ ಶಿಷ್ಯರ ಖಾತೆಗೆ ದುಡ್ಡು ಬಿದ್ದ ಸ್ಕ್ರೀನ್‌ಶಾಟ್‌ಗಳು. ನಂತರ 4,999 ರೂಪಾಯಿಗೆ ಗೀಟು ಹೊಡೆದು 99 ರೂಪಾಯಿಯ ವೆಬಿನಾರ್, ಅಂದರೆ ಆನ್‌ಲೈನ್ ಪಾಠ. ವೆಬಿನಾರ್‌ನ ಕೊನೆಯಲ್ಲಿ ನಿಜವಾದ ಸರಕು, ದೊಡ್ಡ ಕೋರ್ಸ್. ಅದಾದ ಮೇಲೆ ‘ಇವತ್ತು ರಾತ್ರಿ 12ಕ್ಕೆ ಬಾಗಿಲು ಬಂದ್’. ಮಾರನೇ ದಿನ ‘ತುಂಬಾ ಜನ ಕೇಳಿಕೊಂಡಿದ್ದರಿಂದ ಇನ್ನೊಂದೇ ಒಂದು ದಿನ’.

ನಗು ಬರುತ್ತದೆ, ಸರಿ. ಆದರೆ ಇದರಲ್ಲಿ ಕಸ ಎಷ್ಟೋ ಕಾಳೂ ಅಷ್ಟೇ ಇದೆ. ಕೇಳಿದ್ದನ್ನು ಕೂಡಲೇ ಕೊಟ್ಟರು. ಪರಿಚಯ ಆಗುವವರೆಗೆ ಬೆಲೆ ಹೇಳಲಿಲ್ಲ. ಒಂದು ಮೇಲ್‌ಗೆ ಒಂದೇ ಕೆಲಸ ಇಟ್ಟರು, ನಾಲ್ಕು ಲಿಂಕ್ ಇದ್ದರೂ ನಾಲ್ಕೂ ಒಂದೇ ಕಡೆ ಹೋಗುತ್ತವೆ. ದೊಡ್ಡದು ಮಾರುವ ಮೊದಲು ಚಿಕ್ಕದು ಮಾರಿದರು. ಕೇಟರಿಂಗ್ ಭಟ್ಟರು ಮದುವೆ ಆರ್ಡರ್ ಹಿಡಿಯುವ ಮೊದಲು ಸತ್ಯನಾರಾಯಣ ಪೂಜೆಯ ಮೂವತ್ತು ಎಲೆ ಊಟ ಮಾಡಿಕೊಡುವುದೂ ಇದೇ ಲೆಕ್ಕ ತಾನೇ?

ಬಿಡಬೇಕಾದ್ದು ಸುಳ್ಳು ಅವಸರ. ಅದನ್ನು ಹಿಡಿಯುವುದು ಸುಲಭ. ‘14 ನಿಮಿಷ 59 ಸೆಕೆಂಡ್ ಬಾಕಿ’ ಅಂತ ಟೈಮರ್ ಓಡುತ್ತಿದೆಯಲ್ಲ, ಅದೇ ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ನೀವು ಮೊದಲು ಬಂದದ್ದು ಸೈಟ್‌ಗೆ ನೆನಪಿರದ ಕಿಟಕಿಯಲ್ಲಿ, ತೆರೆಯಿರಿ. ಟೈಮರ್ ಮತ್ತೆ ಹದಿನೈದರಿಂದ ಶುರುವಾದರೆ ಆ ಅವಸರ ನಿಮಗಾಗಿ ಹುಟ್ಟಿಸಿದ್ದು. ಸುಳ್ಳು ಅವಸರ ಬರೀ ಅಗ್ಗದ ಉಪಾಯ ಅಷ್ಟೇ ಅಂದುಕೊಳ್ಳಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಗಿರಾಕಿಯ ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ 13 ಥರದ ಮೋಸಗಳ ಪಟ್ಟಿ ಇದೆ. ಸುಳ್ಳು ಅವಸರ ಅದರಲ್ಲಿ ಮೊದಲೇ ಬರುತ್ತದೆ. ‘ಬೇಡ, ನಾನು ಬಡವನಾಗಿಯೇ ಇರುತ್ತೇನೆ’ ಅಂತ ಬಟನ್ ಇಟ್ಟು ನಾಚಿಕೆಪಡಿಸುವುದೂ ಅದೇ ಪಟ್ಟಿಯಲ್ಲಿದೆ. ಗುರುಗಳನ್ನು ನೋಡಿ ನೀವೂ ಅದನ್ನೇ ಮಾಡಿದರೆ ನಿಯಮ ನಿಮಗೂ ಅನ್ವಯ.

‘ನನ್ನ ಮೇಲ್‌ಗಳನ್ನು ನೂರಕ್ಕೆ ಎಪ್ಪತ್ತು ಜನ ತೆರೆಯುತ್ತಾರೆ’ ಅನ್ನುವ ಬಡಾಯಿಯನ್ನೂ ಅರ್ಧಕ್ಕೆ ಇಳಿಸಿ ಕೇಳಿ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಒಂದು ಖಾಸಗಿತನದ ವ್ಯವಸ್ಥೆ ತಂದಿತು. ಅದನ್ನು ಹಾಕಿಕೊಂಡವರ ಮೇಲ್‌ನಲ್ಲಿರುವ ಚಿತ್ರಗಳನ್ನು ಆ್ಯಪಲ್ ಮೊದಲೇ ಇಳಿಸಿಡುತ್ತದೆ. ಮೇಲ್ ತೆರೆದದ್ದು ಕಳಿಸಿದವರಿಗೆ ಗೊತ್ತಾಗುವುದೇ ಚಿತ್ರ ಇಳಿದಾಗ, ಹಾಗಾಗಿ ಮನುಷ್ಯ ಓದದಿದ್ದರೂ ಲೆಕ್ಕದಲ್ಲಿ ‘ತೆರೆದಿದ್ದಾರೆ’ ಅಂತ ಬೀಳುತ್ತದೆ. ಎಷ್ಟು ಜನ ಉತ್ತರ ಬರೆದರು, ಎಷ್ಟು ಜನ ಕೊಂಡರು ಅಂತ ಹೇಳುವವರ ಮಾತು ಕೇಳಿ.

ಮಾರುವುದನ್ನು ಮುಚ್ಚಿಡದೆ ಮಾರುವವರೂ ಇದ್ದಾರೆ. ಅಮೆರಿಕದ ಬೆನ್ ಸೆಟ್ಲ್ ದಿನಾ ಮೇಲ್ ಹಾಕಿ, ಪ್ರತಿಯೊಂದರ ಕೊನೆಗೂ ಏನಾದರೊಂದು ಮಾರಿ ಹೆಸರು ಮಾಡಿದವರು. ಮೇಲಿನ ಅರ್ಧ ಹರಟೆ ಅಥವಾ ಜಗಳ, ಕೆಳಗೆ ಲಿಂಕ್. ಮಾತು ಒರಟು, ಎಲ್ಲರಿಗೂ ಹಿಡಿಸುವುದಿಲ್ಲ. ಒಂದು ತಿಂಗಳು ಓದಿದರೆ ಕಥೆಯಿಂದ ಸರಕಿಗೆ ದಾಟುವ ಆ ಒಂದು ವಾಕ್ಯ ಹೇಗಿರುತ್ತದೆ ಅನ್ನುವುದು ಕೈಗೆ ಹತ್ತುತ್ತದೆ. ಆಮೇಲೆ ಬಿಟ್ಟರೂ ನಷ್ಟ ಇಲ್ಲ.

ಸುದ್ದಿ ಮೇಲ್‌ಗಳು

ಮಾರ್ಕೆಟಿಂಗ್ ಬ್ರೂ ಅಮೆರಿಕದ ಸುದ್ದಿ ಕೊಡುತ್ತದೆ. ನಮ್ಮ ದೇಶದ್ದು ಬೇಕಾದರೆ ಅಫಾಕ್ಸ್, ಇಟಿ ಬ್ರ್ಯಾಂಡ್ ಇಕ್ವಿಟಿ, ಸೋಷಿಯಲ್ ಸಮೋಸಾ ಇವೆ. ಯಾವ ಕಂಪನಿ ಯಾವ ಏಜೆನ್ಸಿ ಹಿಡಿಯಿತು, ಯಾರು ಕುರ್ಚಿ ಬದಲಿಸಿದರು, ಹೊಸ ಜಾಹೀರಾತು ಯಾವುದು. ಏಜೆನ್ಸಿಯಲ್ಲಿ ಇರುವವರು ಓದಲೇಬೇಕು, ಇಲ್ಲದಿದ್ದರೆ ಲೋವರ್ ಪರೇಲ್‌ನ ಮೀಟಿಂಗ್‌ನಲ್ಲಿ ಬಾಯಿ ಮುಚ್ಚಿ ಕೂರಬೇಕಾಗುತ್ತದೆ. ಹಪ್ಪಳದವರಿಗೆ ಬೇಡ.

ಗಿರಾಕಿಯಾಗಿ ಹೆಸರು ಕೊಡುವುದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಪಾಠಶಾಲೆ. ಹಾಗೆ ನೋಡಿದರೆ ಇದನ್ನು ಯಾರೂ ಪಾಠ ಅಂತ ಕಳಿಸುವುದೇ ಇಲ್ಲ. ನೀವು ಮಾರುವಂಥದ್ದನ್ನೇ ಮಾರುವ ಎರಡು ಮೂರು ಕಂಪನಿಗಳ ಮೇಲ್‌ಗೆ ಹೆಸರು ಕೊಡಿ. ಸೀರೆ ಮಾರುತ್ತೀರಾದರೆ ಸೀರೆಯವರದ್ದು. ಉಪ್ಪಿನಕಾಯಿ ಆದರೆ ಉಪ್ಪಿನಕಾಯಿಯವರದ್ದು. ಒಂದು ದೊಡ್ಡ ಬ್ರ್ಯಾಂಡ್, ಒಂದು ನಿಮ್ಮಷ್ಟೇ ಚಿಕ್ಕದು ಇರಲಿ.

ಜಿಮೇಲ್‌ನಲ್ಲಿ ಇದಕ್ಕೊಂದು ಸಲೀಸಾದ ಉಪಾಯ ಇದೆ. ನಿಮ್ಮ ವಿಳಾಸದಲ್ಲಿ ಹೆಸರಾದ ಮೇಲೆ, ಅಟ್ ಗುರುತಿನ ಮೊದಲು, ಪ್ಲಸ್ ಗುರುತು ಹಾಕಿ ಯಾವುದಾದರೂ ಪದ ಸೇರಿಸಿ. ಮೇಲ್ ನಿಮಗೇ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪದ ಕೊಟ್ಟರೆ ಯಾರು ನಿಮ್ಮ ವಿಳಾಸವನ್ನು ಇನ್ನೊಬ್ಬರಿಗೆ ದಾಟಿಸಿದರು ಅಂತಲೂ ಸಿಕ್ಕಿಬೀಳುತ್ತಾರೆ. ಫಿಲ್ಟರ್ ಹಾಕಿ ಎಲ್ಲವನ್ನೂ ಒಂದೇ ಲೇಬಲ್‌ಗೆ ಕಳಿಸಿಬಿಡಿ. 2013ರಿಂದ ಜಿಮೇಲ್ ಇಂಥವನ್ನು ಪ್ರಮೋಶನ್ಸ್ ಟ್ಯಾಬ್‌ಗೆ ತಳ್ಳುತ್ತಿದೆ, ಹಾಗಾಗಿ ಹುಡುಕುವಾಗ ಅಲ್ಲೂ ನೋಡಿ.

ಆಮೇಲೆ ಒಂದು ನಾಟಕ ಆಡಿ. ಅವರ ಸೈಟ್‌ಗೆ ಹೋಗಿ, ಒಂದು ವಸ್ತುವನ್ನು ಕಾರ್ಟ್‌ಗೆ ಹಾಕಿ, ದುಡ್ಡು ಕಟ್ಟದೆ ಹೊರಗೆ ಬನ್ನಿ. ಎಷ್ಟು ಗಂಟೆಯಲ್ಲಿ ‘ಏನೋ ಮರೆತಿರಾ?’ ಅಂತ ಮೇಲ್ ಬರುತ್ತದೆ ನೋಡಿ. ಮೊದಲ ಮೇಲ್‌ನಲ್ಲೇ ರಿಯಾಯಿತಿ ಕೊಟ್ಟರಾ, ಎರಡನೆಯದರವರೆಗೆ ಕಾದರಾ? ಮೊದಲನೆಯದರಲ್ಲೇ ಕೊಡುವವರ ಗಿರಾಕಿಗಳು ಪ್ರತಿ ಸಲ ಕಾರ್ಟ್ ಬಿಟ್ಟು ಹೋಗುವುದನ್ನು ಕಲಿತುಬಿಡುತ್ತಾರೆ. ಕೆಲವರು ರಿಯಾಯಿತಿಯ ಬದಲು ಒಂದು ಪ್ರಶ್ನೆ ಕೇಳುತ್ತಾರೆ: ‘ಅಳತೆ ಬಗ್ಗೆ ಅನುಮಾನವೇ? ಉತ್ತರ ಬರೆಯಿರಿ.’ ನನಗೆ ಹಿಡಿಸಿದ್ದು ಇದು. ಚಿಕ್ಕ ವ್ಯಾಪಾರಿಗೆ ರಿಯಾಯಿತಿ ಕೊಡುವ ತಾಕತ್ತು ಕಮ್ಮಿ, ಮಾತಾಡುವ ತಾಕತ್ತು ಜಾಸ್ತಿ.

ಹಬ್ಬದ ಕ್ಯಾಲೆಂಡರನ್ನೂ ಹೀಗೇ ಕದಿಯಬಹುದು. ಮುಂಬೈಯಲ್ಲಿ ಗಣಪತಿ ಕೂರುವ ಎಷ್ಟು ದಿನ ಮೊದಲು ಮೋದಕದ ಮೇಲ್ ಶುರುವಾಗುತ್ತದೆ? ದೀಪಾವಳಿ ಗಿಫ್ಟ್ ಬಾಕ್ಸ್‌ನವರು ಆಫೀಸುಗಳಿಗೆ ಯಾವಾಗ ಬರೆಯುತ್ತಾರೆ, ಮನೆಯವರಿಗೆ ಯಾವಾಗ? ತಾರೀಕು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ನಿಮ್ಮ ಪ್ಲಾನ್.

ಮಾರುವುದನ್ನೂ ಹೇಳಿಕೊಡುವುದನ್ನೂ ಜೋಡಿಸಿದ ಒಂದು ದೇಸಿ ಮಾದರಿ ಫಿನ್‌ಶಾಟ್ಸ್. ಹಣಕಾಸಿನ ಒಂದು ವಿಷಯವನ್ನು ಮೂರು ನಿಮಿಷದಲ್ಲಿ ಓದುವಂತೆ ಸರಳವಾಗಿ ಬರೆದು ಪುಕ್ಕಟೆ ಕಳಿಸುತ್ತಾರೆ. ಅದೇ ಬಳಗದ್ದು ಡಿಟ್ಟೊ, ಇನ್ಶೂರೆನ್ಸ್ ಬಗ್ಗೆ ಸಲಹೆ ಕೊಟ್ಟು ಪಾಲಿಸಿ ಮಾರುವುದು. ಮೇಲ್ ಮಧ್ಯೆ ಡಿಟ್ಟೊ ಮಾತು ಎಲ್ಲಿ, ಎಷ್ಟು ಸಾಲು ಬರುತ್ತದೆ ಅಂತ ಗಮನಿಸಿ. ದಿನಾ ಉಪಯೋಗಕ್ಕೆ ಬರುವವನು ವಾರಕ್ಕೊಮ್ಮೆ ಏನಾದರೂ ಕೇಳಿದರೆ ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಟರಿಂಗ್‌ನವರು ಇದನ್ನು ಸುಮ್ನೆ ಎತ್ತಿಕೊಳ್ಳಬಹುದು: ನೂರು ಜನರ ಊಟಕ್ಕೆ ಎಷ್ಟು ಅಕ್ಕಿ ಬೇಕು, ಹಾಲ್‌ನವರ ಹತ್ತಿರ ನೀರು, ಗ್ಯಾಸ್ ಬಗ್ಗೆ ಮೊದಲೇ ಏನು ಕೇಳಬೇಕು. ಇವನ್ನು ಹೇಳಿಕೊಟ್ಟವರಿಗೇ ಆರ್ಡರ್ ಹೋಗುತ್ತದೆ.

ಯಾರಿಗೆ ಯಾವುದು

ಮನೆಯಿಂದ ಮಾರುವವರಿಗೆ: ಉದಾಹರಣೆಗಳ ಮೇಲ್ ಒಂದು, ನಿಮ್ಮದೇ ಸರಕಿನ ಎರಡು ಕಂಪನಿ. ಇಷ್ಟೇ. ದಿನದ ಮೇಲ್‌ಗಳ ಆಸೆ ಬೇಡ.

ಕೇಟರಿಂಗ್, ಟ್ಯೂಷನ್ ಕ್ಲಾಸ್, ಟೂರ್ಸ್ ಥರದ ಸೇವೆ ಮಾರುವವರಿಗೆ ಗುರುಗಳ ಮೇಲ್ ಸಾಲನ್ನು ಒಂದು ಸಲ ಪೂರ್ತಿ ನೋಡಿ ಅಂತ ಹೇಳುತ್ತೇನೆ. ನಿಮ್ಮದು ಜನ ಯೋಚಿಸಿ ಕೊಳ್ಳುವ ಸರಕು. ಪರಿಚಯದಿಂದ ಬೆಲೆಯವರೆಗೆ ಕರೆದುಕೊಂಡು ಹೋಗುವ ಕ್ರಮ ನಿಮಗೇ ಜಾಸ್ತಿ ಬೇಕಾದದ್ದು.

ಏಜೆನ್ಸಿಯ ಹುಡುಗರು ಗೋಡಿನ್, ಹ್ಯಾಂಡ್ಲಿ, ದೇಸಿ ಸುದ್ದಿ ಮೇಲ್ ಒಂದು ಇಟ್ಟುಕೊಳ್ಳಿ. ಜೊತೆಗೆ ಜಿಮೇಲ್‌ನಲ್ಲಿ ಮೇಲ್ ತೆರೆದು ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ನೋಡುವ ಅಭ್ಯಾಸ ಮಾಡಿ. ಕಳಿಸಿದ್ದು ಯಾವ ಸೇವೆಯಿಂದ, ಮೇಲ್ ನಿಜಕ್ಕೂ ಆ ಹೆಸರಿನವರಿಂದಲೇ ಬಂತಾ ಅಂತ ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆ ಪಾಸಾಗಿವೆಯಾ ಅಂತ ಅಲ್ಲಿ ಕಾಣುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಪ್ರಚಾರದ ಮೇಲ್‌ಗೆ ಒಂದೇ ಒತ್ತಿಗೆ ಹೊರಬರುವ ಬಟನ್ ಕೂಡ ಇರಬೇಕು. ಇದನ್ನು ತಿಳಿದವರಿಗೆ ಆಫೀಸಿನಲ್ಲಿ ಬೆಲೆ ಇದೆ.

ದುಡ್ಡು ಕೊಟ್ಟು ತರಿಸುವ ನ್ಯೂಸ್‌ಲೆಟರ್? ಪುಕ್ಕಟೆಯದರಿಂದ ಕಲಿತ ಒಂದಾದರೂ ವಿಷಯದಿಂದ ನಾಲ್ಕು ಆರ್ಡರ್ ಬಂದ ಮೇಲೆ ನೋಡಿ. ಅದಕ್ಕೂ ಮೊದಲು ಬೇಡ.

ಮೇಲ್‌ನ ಪಾಠ, ವಾಟ್ಸ್‌ಆ್ಯಪ್‌ನ ಅಂಗಡಿ

ನಮ್ಮ ಗಿರಾಕಿಗಳು ಇಮೇಲ್ ನೋಡುವುದಿಲ್ಲ ಅಂತ ನೀವು ಹೇಳುತ್ತೀರಿ. ನಿಜ. ಕಲಿತದ್ದನ್ನು ವಾಟ್ಸ್‌ಆ್ಯಪ್‌ಗೆ ಇಳಿಸಿ. ಅಲ್ಲಿ ಒಂದೇ ಮೆಸೇಜನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ, ಲಿಸ್ಟ್ ಒಂದಕ್ಕೆ 256 ಜನ. ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಹಾಗಾಗಿ ಡಬ್ಬಿ ಕೊಡುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ ಅಕ್ಕ, ಮುಂದಿನ ಸಲ ಹಪ್ಪಳ ಬಂದಾಗ ಹೇಳ್ತೇನೆ’ ಅಂದುಬಿಡಿ. ಅನುಮತಿಯೂ ಸಿಕ್ಕಿತು, ದಾರಿಯೂ ತೆರೆಯಿತು.

ಸಂಘದ ಗ್ರೂಪಿನಿಂದ ನಂಬರ್ ಎತ್ತಿ ಎಲ್ಲರಿಗೂ ತಳ್ಳುವ ಚಾಳಿ ನಮ್ಮವರಲ್ಲಿ ಇದೆ. ಈ ಕೆಲಸಕ್ಕೆ ಹಳೆಯ ಇತಿಹಾಸವೇ ಇದೆ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್‌ನ ಗ್ಯಾರಿ ಥರ್ಕ್, ಇಂಟರ್‌ನೆಟ್‌ಗೂ ಮೊದಲಿನ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಕೇಳದೇನೆ ಕಂಪ್ಯೂಟರ್ ಜಾಹೀರಾತು ಕಳಿಸಿದರು. ಬೈಗುಳವೂ ಬಂತು, ಮಾರಾಟವೂ ಆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ಮತ್ತೆ ಆ ಜನರ ಜೊತೆ ಒಂದೇ ಹಾಲ್‌ನಲ್ಲಿ ಯಕ್ಷಗಾನ ನೋಡಬೇಕಾಗಿರಲಿಲ್ಲ. ನಾವು ನೋಡಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವಂತಿರಬೇಕು ಅನ್ನುತ್ತದೆ. ‘ಬೇಡ ಅಂದರೆ ಬೇಡ ಅಂತ ಬರೆಯಿರಿ’ ಅನ್ನುವ ಒಂದು ಸಾಲು ಮೆಸೇಜಿನ ಕೊನೆಗೆ ಇರಲಿ.

ಇನ್ನು ನಿಮಗೆ ಬರುವ ಮೇಲ್‌ಗಳ ವಿಷಯ. ಜಿಮೇಲ್‌ನ ಎಡಗಡೆ ಪಟ್ಟಿಯಲ್ಲಿ ‘ಮ್ಯಾನೇಜ್ ಸಬ್‌ಸ್ಕ್ರಿಪ್ಶನ್ಸ್’ ಇದೆ. ಯಾರು ಎಷ್ಟು ಕಳಿಸಿದ್ದಾರೆ ಅಂತ ಅಲ್ಲೇ ತೋರಿಸುತ್ತದೆ. ಸತತ ನಾಲ್ಕು ಸಲ ತೆರೆಯದೆ ಬಿಟ್ಟದ್ದನ್ನು ತೆಗೆದುಹಾಕಿ. ತೆಗೆಯುವಾಗ ಬರುವ ಪುಟವನ್ನೂ ಓದಿ. ‘ಪೂರ್ತಿ ಬೇಡವೇ, ತಿಂಗಳಿಗೊಂದು ಕಳಿಸಲೇ?’ ಅಂತ ಕೆಲವರು ಕೇಳುತ್ತಾರೆ. ಬ್ರಾಡ್‌ಕಾಸ್ಟ್ ಬೇಡ ಅಂದ ಹಪ್ಪಳದ ಗಿರಾಕಿಗೂ ಇದನ್ನೇ ಕೇಳಬಹುದು: ‘ಬೇಸಿಗೆಗೆ ಒಂದ್ಸಲ ಮಾತ್ರ ಹೇಳಲಾ ಅಕ್ಕ?’